ಕೂಗಳತೆಯ ಸೀಮೆ

ನಿಟ್ಟೂರಿನಲ್ಲಿ ಬಸ್ಸಿಳಿದು ನಮ್ಮ ಅತ್ತೆಯ ಮನೆಗೆ ನಡೆಯಬೇಕು. ಎಷ್ಟು ದೂರ ಎಂದು ಕೇಳಿದರೆ ಅಲ್ಲಿ ಯಾರೂ ಕಿಲೋಮೀಟರಿನ ಲೆಕ್ಕ ಕೊಡುತ್ತಿರಲಿಲ್ಲ. "ಒಂದು ಕವಳ ಹಾಕಿ ಮುಗಿಸೋ ಹೊತ್ತಿಗೆ ಹಳ್ಳ ಸಿಗ್ತದೆ. ಹಳ್ಳ ದಾಟಿ ದರೆ ಹತ್ತಿದ್ರೆ ಅಲ್ಲಿಂದ ಕೂಗಳತೆ." ಅಂಗಡಿಕಟ್ಟೆಯಲ್ಲಿ ಕೂತವರು ಇಷ್ಟು ಹೇಳಿ ಮಾತು ಮುಗಿಸುತ್ತಿದ್ದರು, ಅಷ್ಟು ಸಾಕಾಗುತ್ತಿತ್ತು. ದರೆಯ ಮೇಲೆ ನಿಂತು ಅಪ್ಪ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು "ಕೂ..." ಎಂದು ಒಂದು ಕೂಗು ಹಾಕುತ್ತಿದ್ದರು. ಕೆಳಗೆ ತೋಟದ ಹಸುರಿನೊಳಗೆ ಮನೆ ಕಾಣುತ್ತಿರಲಿಲ್ಲ, ಹೊಗೆ ಮಾತ್ರ ಕಾಣುತ್ತಿತ್ತು. ಆ ಹೊಗೆಯ ಬುಡದಿಂದ ತಿರುಗಿ ಒಂದು "ಕೂ" ಬರುತ್ತಿತ್ತು. ನಾವು ಇಳಿದು ಅಂಗಳ ಮುಟ್ಟುವ ಹೊತ್ತಿಗೆ ನಾಯಿಯನ್ನು ಕಟ್ಟಿ, ಕೈಕಾಲಿಗೆ ಬಿಸಿನೀರು ತೋಡಿಟ್ಟು, ಬೆಲ್ಲದ ಕಾಫಿಗೆ ಎಸರಿಟ್ಟು ಆಗಿರುತ್ತಿತ್ತು.

ದೂರಕ್ಕೆ ನಮ್ಮಲ್ಲಿ ಬೇರೆ ಹಳೆಯ ಅಳತೆಗಳೂ ಇದ್ದವು. ಮೂರು ಮೈಲಿಗೆ ಒಂದು ಹರದಾರಿ, ನಾಲ್ಕು ಹರದಾರಿಗೆ ಒಂದು ಗಾವುದ ಎಂದು ಅಜ್ಜ ಲೆಕ್ಕ ಹೇಳುತ್ತಿದ್ದರು. ಅವು ದಂಡು ನಡೆಸುವವರ, ಹೇರೆತ್ತು ಹೊಡೆಯುವವರ ಅಳತೆ. ಕೂಗಳತೆ ಮನೆಮಂದಿಯ ಅಳತೆ. ಆಚೆ ತುದಿಯಲ್ಲಿ ಓಗೊಡುವವರು ಇದ್ದರೇ ಅದು ಅಳತೆಯಾಗುವುದು. ಚಳಿಗಾಲದ ಮುಂಜಾನೆ ಅದು ಉದ್ದವಾಗುತ್ತದೆ, ಒಂದು ಗುಡ್ಡದ ಮಾತು ಮೂರನೆಯ ಗುಡ್ಡಕ್ಕೆ ಕೇಳಿಸುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಗಿಡ್ಡವಾಗುತ್ತದೆ. ಜಡಿಮಳೆಯಲ್ಲಿ ಬಚ್ಚಲಿನಿಂದ ಕರೆದದ್ದು ಜಗಲಿಗೆ ಕೇಳಿಸುವುದಿಲ್ಲ.

ಈ ಮಾತು ಈಗ ಯಾಕೆ ನೆನಪಾಯಿತೆಂದರೆ, ಹೋದ ಬೇಸಗೆಯಲ್ಲಿ ಬಯಲುಸೀಮೆಯ ಗೆಳೆಯರೊಬ್ಬರನ್ನು ಆ ಕಡೆ ಕರೆದುಕೊಂಡು ಹೋಗಿದ್ದೆ. ಹೊಸನಗರ ದಾಟಿ, ನಗರ ದಾಟಿ, ಕೊಲ್ಲೂರಿನ ದಾರಿಯಲ್ಲಿ ಸುಮಾರು ಹೊತ್ತು ಕಾರಿನ ಕಿಟಕಿಯಾಚೆ ನೋಡುತ್ತ ಕೂತವರು ಕಡೆಗೆ, "ಇಲ್ಲಿ ಏನೂ ಇಲ್ವಲ್ಲ, ಬರೀ ಖಾಲಿ" ಎಂದರು. ಒಳ್ಳೆಯ ಮನುಷ್ಯರು, ಕಂಡದ್ದನ್ನು ಹೇಳಿದರು. ಅವರ ಊರಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಊರು ಮುಗಿದ ಮೇಲೆ ಹೊಲ, ಹೊಲ ಮುಗಿದ ಮೇಲೆ ಇನ್ನೊಂದು ಊರು. ಇಲ್ಲಿ ಊರಿನ ಹೆಸರು ಹೇಳುವ ಹಸುರು ಫಲಕ ಬರುತ್ತದೆ, ಊರು ಬರುವುದಿಲ್ಲ. ಆದರೂ ಆ ‘ಖಾಲಿ’ ಎಂಬ ಮಾತು ನನ್ನ ಮನಸ್ಸಿನಿಂದ ಇಳಿಯಲೊಲ್ಲದು. ಅಲ್ಲಿ ಏನೇನಿದೆ ಎಂದು ಅವರಿಗೆ ಆಗಲೇ ಹೇಳಬೇಕಾಗಿತ್ತು, ತಿರುವುಗಳ ನಡುವೆ ಆಗಲಿಲ್ಲ. ಈಗ ಕೂತು ಹೇಳುತ್ತಿದ್ದೇನೆ.

ಮೊದಲು ನೆಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು ಘಟ್ಟದ ಅಂಚಿನಲ್ಲಿದೆ. ಅದರ ಪಶ್ಚಿಮದ ಸೆರಗು ನಗರ ಹೋಬಳಿ. ನಗರ, ನಿಟ್ಟೂರು, ಸಂಪೆಕಟ್ಟೆ, ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ಎಲ್ಲ ಇಲ್ಲಿಯವೇ. ಪಶ್ಚಿಮಕ್ಕೆ 1343 ಮೀಟರ್ ಎತ್ತರದ ಕೊಡಚಾದ್ರಿ ನಿಂತಿದೆ. ಅದರ ಆಚೆ ನೆಲ ಒಮ್ಮೆಲೇ ಕುಂದಾಪುರದ ಕಡೆಗೆ ಕುಸಿಯುತ್ತದೆ. ಮೋಡವಿಲ್ಲದ ಸಂಜೆ ಕೊಡಚಾದ್ರಿಯ ತಲೆಯ ಮೇಲೆ ನಿಂತರೆ ಕಡಲು ತಗಡಿನ ಹಾಳೆಯಂತೆ ಮಿಂಚುವುದು ಕಾಣುತ್ತದೆ. ಹುಲಿಕಲ್ಲಿನಿಂದ ಬಾಳೆಬರೆ ಘಾಟಿ ಹೊಸಂಗಡಿಗೆ ಇಳಿದರೆ, ನಾಗೋಡಿಯಿಂದ ಇನ್ನೊಂದು ದಾರಿ ಕೊಲ್ಲೂರಿಗೆ ಇಳಿಯುತ್ತದೆ.

ನೀರಿನ ಕತೆ ಇನ್ನೂ ಚೆಂದ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಈ ತಾಲ್ಲೂಕನ್ನು ಹಾಯ್ದು ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ವಾರಾಹಿ, ಚಕ್ರಾ, ಸೌಪರ್ಣಿಕಾ ಇದೇ ಬೆಟ್ಟಸಾಲಿನಿಂದ ಬೇರೆ ಬೇರೆ ಕಣಿವೆಗಳಲ್ಲಿ ಇಳಿದು ಹೋಗಿ ಗಂಗೊಳ್ಳಿಯ ಅಳಿವೆಯಲ್ಲಿ ಮತ್ತೆ ಕೂಡುತ್ತವೆ. ಒಂದೇ ತವರಿನ ಅಕ್ಕತಂಗಿಯರು ಬೇರೆ ಬೇರೆ ಊರಿಗೆ ಮದುವೆಯಾಗಿ ಹೋಗಿ ಒಂದೇ ಜಾತ್ರೆಯಲ್ಲಿ ಸಿಕ್ಕ ಹಾಗೆ. ಇದೇ ತಾಲ್ಲೂಕಿನ ಹುಂಚದ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ಮಾತ್ರ ಇವರ ಕಡೆ ಬೆನ್ನು ಹಾಕಿ ಪೂರ್ವಕ್ಕೆ ಹೊರಟು, ತುಂಗಭದ್ರೆಯ ಕೈ ಹಿಡಿದು, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಗೆ ಹೋಗುತ್ತದೆ. ಒಂದು ತಾಲ್ಲೂಕಿನ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ.

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಅದರ ಭಾರ ತಿಳಿಯುವುದಿಲ್ಲ, ಆದರೂ ಹೇಳಬೇಕು. ಹುಲಿಕಲ್, ಮಾಸ್ತಿಕಟ್ಟೆಗಳ ಕಡೆ ವರ್ಷಕ್ಕೆ 6000 ಮಿ.ಮೀ. ದಾಟುವುದು ವಿಶೇಷವಲ್ಲ, ಆಗುಂಬೆಯೊಡನೆ ಹುಲಿಕಲ್ ಪ್ರತಿವರ್ಷ ಪಂದ್ಯ ಕಟ್ಟುತ್ತದೆ. ಅಲ್ಲಿಂದ ಶಿವಮೊಗ್ಗಕ್ಕೆ ನೇರ ಗೆರೆ ಎಳೆದರೆ ಸುಮಾರು 65 ಕಿಲೋಮೀಟರ್. ಅಷ್ಟರೊಳಗೆ ಮಳೆ ಸಾವಿರ ಮಿ.ಮೀ. ಆಸುಪಾಸಿಗೆ ಇಳಿದುಬಿಡುತ್ತದೆ. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಕಂಬಳಿಕೊಪ್ಪೆ ಹೊದ್ದು ಗೊರಬು ಸೂಡಿ ನಾಟಿ ಮಾಡುವಾಗ ಇನ್ನೊಂದು ತುದಿಯಲ್ಲಿ ಮುಗಿಲು ನೋಡುತ್ತ ಕೂತಿರುತ್ತಾರೆ.

ಇನ್ನು ಮನೆಗಳು ಯಾಕೆ ಹೀಗೆ ಚದುರಿವೆ ಎನ್ನುವುದು. ಗೆಳೆಯರಿಗೆ ಮುಖ್ಯವಾಗಿ ಹೇಳಬೇಕಾಗಿದ್ದು ಇದನ್ನೇ.

ಮಲೆನಾಡಿನ ಮನೆ ತೋಟದ ತಲೆಯಲ್ಲಿ ಕೂರುತ್ತದೆ. ಅಡಿಕೆ ತೋಟಕ್ಕೆ ಎರಡು ಗುಡ್ಡದ ನಡುವಿನ ತಗ್ಗು ಬೇಕು: ಬೇಸಗೆಯಲ್ಲೂ ತೇವ ಆರದಿರಬೇಕು, ಮಳೆಗಾಲದಲ್ಲಿ ನೀರು ನಿಲ್ಲಬಾರದು, ಪಡುವಣ ಬಿಸಿಲು ನೇರ ಹೊಡೆಯಬಾರದು. ಇಂಥ ತಗ್ಗು ಅಗಲವಾಗಿರುವುದಿಲ್ಲ, ಎರಡು ಮೂರು ಮನೆಗೆ ಸಾಲುವಷ್ಟು ಇದ್ದರೆ ಹೆಚ್ಚು. ಆ ತೋಟ ತನ್ನಷ್ಟಕ್ಕೆ ಬದುಕುವುದೂ ಇಲ್ಲ. ಮೇಲಿನ ಗುಡ್ಡದಿಂದ ಹಸಿಸೊಪ್ಪು ಕಡಿದು ತರಬೇಕು, ಒಣ ದರಗು ಗುಡಿಸಿ ತರಬೇಕು, ಅದನ್ನು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಬೇಕು, ಗೊಬ್ಬರವಾದ ಮೇಲೆ ಹೊತ್ತು ತೋಟಕ್ಕೆ ಇಳಿಸಬೇಕು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನಬೆಟ್ಟ ಎಂಬ ಲೆಕ್ಕ ಸರಕಾರದ ಕಾಗದದಲ್ಲೂ ಇದೆ. ಲೆಕ್ಕ ಹಾಕಿ ನೋಡಿ: ಎರಡು ಎಕರೆ ತೋಟದ ಒಂದು ಸಣ್ಣ ಸಂಸಾರದ ಬೆನ್ನಿಗೆ ಹದಿನೆಂಟು ಎಕರೆ ಗುಡ್ಡ ನಿಂತಿರಬೇಕು. ಅದರ ಮೇಲೆ ಮನೆ ಕಟ್ಟಿದರೆ ಕೆಳಗಿನ ತೋಟ ಹಸಿಯುತ್ತದೆ. ಹಾಗಾಗಿ ಪಕ್ಕದ ಮನೆ ಪಕ್ಕದ ತಗ್ಗಿಗೆ ಹೋಗುತ್ತದೆ, ನಡುವೆ ಒಂದು ಗುಡ್ಡ, ಒಂದು ಕೂಗು. ಕಾರಿನ ಕಿಟಕಿಯಲ್ಲಿ ಖಾಲಿಯಾಗಿ ಕಂಡ ಜಾಗವೆಲ್ಲ ಯಾರದೋ ತೋಟದ ಉಗ್ರಾಣ.

ಗುಡ್ಡದ ಮೇಲುಭಾಗದಲ್ಲಿ ಕಾನು ಇದ್ದರೆ ಅದರ ಬಾಳು ಬೇರೆ. ಕಾನೆಂದರೆ ಬರಿಯ ಕಾಡಲ್ಲ. ಊರಿನವರೇ ಕಾದುಕೊಂಡು ಬಂದ ಹಸಿರುಮಲೆ. ಮೆಣಸಿನ ಬಳ್ಳಿ, ವಾಟೆ, ಮುರುಗಲು, ಉಪ್ಪಗೆ, ದಾಲ್ಚಿನ್ನಿ, ಜೇನು ಎಲ್ಲ ಅಲ್ಲಿ. ಅದರ ಬುಡದಲ್ಲಿ ಒರತೆ ಇರುತ್ತದೆ, ಒರತೆಯ ಪಕ್ಕ ಒಂದು ಚೌಡಿಯೋ ಭೂತನೋ ಕಲ್ಲಾಗಿ ಕೂತಿರುತ್ತದೆ, ಕೊಡಲಿ ಹಿಡಿದವನ ಕೈ ಅಲ್ಲಿ ತಡೆಯುತ್ತದೆ.

ಊರಿನ ಹೆಸರುಗಳನ್ನು ಕೇಳಿದರೂ ನೆಲದ ನಕ್ಷೆ ಸಿಗುತ್ತದೆ. ಮಕ್ಕಿ ಎಂದರೆ ಗುಡ್ಡದ ಮಗ್ಗುಲಿನಲ್ಲಿ ಮಳೆಯನ್ನೇ ನಂಬಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಗದ್ದೆ. ಕೊಡ್ಲು ಎಂದರೆ ಗುಡ್ಡಗಳ ನಡುವೆ ಸಿಕ್ಕಿಕೊಂಡ ಇಕ್ಕಟ್ಟಾದ ತಗ್ಗು. ಹಕ್ಕಲು ಎಂದರೆ ಕುರುಚಲು ಬೆಳೆದ ಮೇಲು ನೆಲ. ಲಿಂಗನಮಕ್ಕಿ, ಅಂಬಾರಗೊಡ್ಲು, ಸಾವೇಹಕ್ಲು. ಇವತ್ತು ಈ ಮೂರೂ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಅಣೆಕಟ್ಟು, ಲಾಂಚು, ಮತ್ತೆ ಅಣೆಕಟ್ಟು. ಹೆಸರಿಟ್ಟವರು ಮಾತ್ರ ತಾವು ಉತ್ತ ನೆಲವನ್ನೂ ತುಳಿದ ನೆಲವನ್ನೂ ನೋಡಿ ಇಟ್ಟದ್ದು. ಮಾಸ್ತಿಕಟ್ಟೆಯಲ್ಲಿ ಒಬ್ಬ ಮಹಾಸತಿ ಇದ್ದಾಳೆ. ಹುಲಿಕಲ್ಲಿನಲ್ಲಿ ಹುಲಿ ಇದೆ. ಘಟ್ಟದ ಬುಡದ ಹೊಸಂಗಡಿಯಲ್ಲಿ ಹೊಸ ಅಂಗಡಿ ಇದೆ, ಅದರ ಮಾತಿಗೆ ಆಮೇಲೆ ಬರುತ್ತೇನೆ.

ಸೊಪ್ಪಿನಬೆಟ್ಟದ ಮಾತು ಆಡಿದ ಮೇಲೆ ಸೊಪ್ಪು ಹೊತ್ತವರನ್ನು ಬಿಟ್ಟು ಮುಂದೆ ಹೋಗಬಾರದು. ಒಂಬತ್ತು ಎಕರೆ ಬೆಟ್ಟ ತೋಟವಿದ್ದವರಿಗೆ ಸಿಕ್ಕಿತು. ಕಲ್ಲಿ ಕಟ್ಟಿ ಸೊಪ್ಪಿನ ಹೊರೆ ಹೊತ್ತ ಹಸಲರಿಗೆ, ಗೇಣಿಗೆ ಗದ್ದೆ ಮಾಡಿದ ದೀವರಿಗೆ ಬಹಳ ಕಾಲ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಹಿಡಿ ನೆಲ ಇರಲಿಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಈ ಸೀಮೆಯ ದೊಡ್ಡ ನೆನಪು. ಅತ್ತೆಯ ಮನೆಯ ಜಗಲಿಯಲ್ಲಿ ಆ ಮಾತು ಬಂದರೆ ಹಿರಿಯರ ದನಿ ತಗ್ಗುತ್ತಿತ್ತು. ಅದು ಯಾಕೆಂದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

ಮಳೆ ಅನ್ನ ಕೊಟ್ಟಂತೆ ರೋಗವನ್ನೂ ಕೊಟ್ಟಿತು. ಆಷಾಢದ ಮಳೆ ಬಿಡದೆ ಹೊಯ್ದರೆ ಅಡಿಕೆ ಗೊನೆಗೆ ಕೊಳೆ ಹತ್ತುತ್ತದೆ; ಹಸಿ ಕಾಯಿ ಪಟಪಟನೆ ಉದುರಿ, ವರ್ಷದ ಗಂಟು ಎರಡು ವಾರದಲ್ಲಿ ನೆಲದ ಪಾಲಾಗುತ್ತದೆ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಒಂದೊಂದು ಮರವನ್ನೂ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು, ಮಗುವಿಗೆ ಕುಲಾವಿ ಕಟ್ಟಿದಂತೆ. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ. ಕೊಳೆರೋಗದ ಹಿಂದೆ ಬಿದ್ದು, ಅದು ಒಂದು ಶಿಲೀಂಧ್ರದ ಕೆಲಸವೆಂದು 1910ರಲ್ಲಿ ಬರೆದು ತೋರಿಸಿದ. ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಕಲಿಸಿದ. ಇವತ್ತಿಗೂ ಅದೇ ಔಷಧ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕೊನೆಗಾರ ಮರದಿಂದ ಮರಕ್ಕೆ ಜೀಕಿ ದಾಟುತ್ತ ಹೊಡೆಯುತ್ತಾನೆ. ಔಷಧ ಹೊಡೆದ ದಿನ ಅತ್ತೆಯ ಮನೆಯ ಅಂಗಳ, ಹಂಡೆ, ಮಾವನ ರೆಪ್ಪೆ ಎಲ್ಲ ತಿಳಿನೀಲಿ. ದಾರಿಯಿಲ್ಲದ ಕಣಿವೆಗಳನ್ನು ನಡೆದು ನೋಡಿ, ಇಲ್ಲಿಯ ಕಷ್ಟವನ್ನು ಇಲ್ಲಿಯೇ ನಿಂತು ಅರಿತ ಆ ಪರದೇಶಿಯ ಹೆಸರನ್ನು ನಮ್ಮ ಶಾಲೆಯ ಪಾಠದಲ್ಲಿ ಓದಿದ ನೆನಪಿಲ್ಲ. ಓದಬೇಕಾಗಿತ್ತು.

ಈಗ ಹೊಸಂಗಡಿಗೆ. ಜನ ವಿರಳವಾದ ಕಾಡಿನ ಘಟ್ಟದ ಬುಡದಲ್ಲಿ ಹೊಸ ಅಂಗಡಿ ಯಾರಿಗೆ? ಘಟ್ಟದ ಮೇಲೆ ಒಂದು ರಾಜಧಾನಿ ಇತ್ತು, ಅದಕ್ಕೆ.

ಕೆಳದಿಯಲ್ಲಿ 1499ರ ಹೊತ್ತಿಗೆ ಚೌಡಪ್ಪನಿಂದ ಮೊದಲಾದ ನಾಯಕರ ಮನೆತನ ಇಕ್ಕೇರಿಗೆ ಬಂತು. ಇಕ್ಕೇರಿಯ ಮೇಲೆ ಬಿಜಾಪುರದ ದಂಡು ಬಿದ್ದ ಮೇಲೆ, 1639ರ ಸುಮಾರಿಗೆ, ವೀರಭದ್ರನಾಯಕ ಇನ್ನೂ ಪಶ್ಚಿಮಕ್ಕೆ ಸರಿದು ಬಿದನೂರನ್ನು ರಾಜಧಾನಿ ಮಾಡಿಕೊಂಡ. ಬಿದಿರಿನ ಊರು, ಸಂಸ್ಕೃತದಲ್ಲಿ ಹೇಳುವವರಿಗೆ ವೇಣುಪುರ. ಕಾಡೇ ಕೋಟೆ, ಮಳೆಯೇ ಕಾವಲು. ವರ್ಷದಲ್ಲಿ ನಾಲ್ಕೈದು ತಿಂಗಳು ಯಾವ ದಂಡೂ ಒಳಗೆ ಬರುವ ಹಾಗಿರಲಿಲ್ಲ. ಬೆನ್ನ ಹಿಂದೆ ಘಟ್ಟ ಇಳಿದರೆ ಬಸರೂರು ಬಂದರು. ಮೆಣಸು, ಅಡಿಕೆ, ಏಲಕ್ಕಿ ಹೇರೆತ್ತಿನ ಬೆನ್ನ ಮೇಲೆ ಇಳಿಯುತ್ತಿದ್ದವು; ಉಪ್ಪು, ಒಣಮೀನು, ಕುದುರೆ, ಚಿನ್ನ ಹತ್ತುತ್ತಿದ್ದವು. ಪೋರ್ಚುಗೀಸರು ಮೆಣಸಿಗಾಗಿ, ಅಕ್ಕಿಗಾಗಿ ಈ ಅರಸರ ಬಾಗಿಲು ಕಾಯುತ್ತಿದ್ದರು.

ಆ ದಾರಿಗಳು ಹೇಗಿದ್ದವೆಂದು ತಿಳಿಯಲು ಒಬ್ಬ ಪ್ರಯಾಣಿಕ ಇದ್ದಾನೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರದಿಂದ ಹೊಳೆಯ ಮೇಲೆ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ, ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಹೋದವನು. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಅವನು ಕಂಡ ನೋಟವನ್ನು ನಾನು ಮರೆಯಲಾರೆ. ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿಕೊಂಡು, ಬೆರಳಿನಲ್ಲಿ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಮರಳು ತುಂಬಿತೆಂದರೆ ಅಳಿಸಿ ಮತ್ತೆ ಹರಡುತ್ತಿದ್ದರು. ಮಾಸ್ತರರು ಇಲ್ಲದಾಗಲೂ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ನಾನೂರು ವರ್ಷದ ಹಿಂದೆ, ಘಟ್ಟದ ಕಾಡಿನ ನಡುವೆ. ಮನೆಗಳು ದೂರ ದೂರ ಇದ್ದವು ನಿಜ, ಆದರೆ ಮಗ್ಗಿಯ ರಾಗ ಆ ದೂರವನ್ನು ದಾಟುತ್ತಿತ್ತು.

ಬಿದನೂರು ಬೆಳೆದದ್ದು ಶಿವಪ್ಪನಾಯಕನ ಕಾಲದಲ್ಲಿ, 1645ರಿಂದ 1660ರವರೆಗೆ. ಅವನು ಹಳ್ಳಿ ಹಳ್ಳಿಯಲ್ಲಿ ಒಂದೊಂದು ಗದ್ದೆಯನ್ನು ಸರಕಾರದ ಕಡೆಯಿಂದಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿ, ಆ ಸರಾಸರಿಯ ಮೇಲೆ ಕಂದಾಯ ಕಟ್ಟಿದನೆಂಬುದು ಪ್ರಸಿದ್ಧ. ಅದೇ ಶಿವಪ್ಪನಾಯಕನ ಶಿಸ್ತು. ನಾವು ಮಕ್ಕಳಿಗೆ ಶಿಸ್ತಿನಿಂದಿರು ಎನ್ನುವಾಗ ಆ ಮಾತಿನ ಒಂದು ಬೇರು ಈ ಕೆಸರುಗದ್ದೆಗಳಲ್ಲಿ ಇದೆ ಎಂದು ನೆನೆದರೆ ನನಗೆ ಹಿಗ್ಗಾಗುತ್ತದೆ. ಒಂದು ವರ್ಷದ ಮಳೆ ನೋಡಿ ಮಲೆನಾಡಿನ ಬೆಳೆಯನ್ನು ಅಳೆಯಬಾರದು ಎಂದು ತಿಳಿಯಲು ಅದರ ಮಳೆಯಲ್ಲಿ ನೆನೆದಿರಬೇಕು. ಮುಂದೆ ರಾಣಿ ಚೆನ್ನಮ್ಮಾಜಿ, ಔರಂಗಜೇಬನ ದಂಡು ಬೆನ್ನುಹತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು, ದಾಟಿಸಿ ಕಳಿಸಿದಳು. ಹೊಗೆಯ ಬುಡದಿಂದ ಓಗೊಡುವುದು ಈ ಸೀಮೆಯ ಹಳೆಯ ಗುಣ ಎಂದು ನಾನು ನಂಬಿದ್ದೇನೆ.

ಊರಿನ ಮನೆಗಳು ಲಕ್ಷ ತುಂಬಿದರೆ ಬಿದನೂರು ‘ನಗರ’ ಎನ್ನಿಸಿಕೊಳ್ಳುತ್ತಿತ್ತು, ಅದಕ್ಕೆ ಸ್ವಲ್ಪವೇ ಕಡಿಮೆಯಿತ್ತು ಎಂಬ ಐತಿಹ್ಯವಿದೆ. ಲಕ್ಷದ ಮಾತು ಉತ್ಪ್ರೇಕ್ಷೆಯೇ ಇರಬಹುದು, ಸಿರಿಯ ಮಾತು ಉತ್ಪ್ರೇಕ್ಷೆಯಲ್ಲ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದಾಗ, ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಒಳದಾರಿ ತೋರಿಸಿದ. ಕಾಡಿನ ಕೋಟೆಗೆ ಕಾಡಿನ ಕಾಲುದಾರಿ ಬಲ್ಲವನೇ ಬೀಗದ ಕೈಯಾದ. ರಾಣಿ ವೀರಮ್ಮಾಜಿ ಸೆರೆಸಿಕ್ಕಿ ಮಧುಗಿರಿಗೆ ಹೋದಳು. ಬಿದನೂರಿನಲ್ಲಿ ಸಿಕ್ಕ ಐಶ್ವರ್ಯವೇ ತನ್ನ ಮುಂದಿನ ಏಳಿಗೆಗೆಲ್ಲ ಬುನಾದಿ ಎಂದು ಹೈದರ್ ಹೇಳಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಊರಿಗೆ ತನ್ನ ಹೆಸರಿಟ್ಟು ಹೈದರ್‌ನಗರ ಮಾಡಿದ. ಆದರೆ ಇಲ್ಲಿ ಹೊಡೆಸಿದ ಚಿನ್ನದ ಹೊನ್ನಿನ ಮೇಲೆ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಬಂದರಿನ ವ್ಯಾಪಾರಿಗೆ ಬಿದನೂರಿನ ನಾಣ್ಯದ ಮೇಲೆ ಅಷ್ಟು ನೆಚ್ಚಿಕೆ ಇತ್ತು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಇದೇ ಹೊಸಂಗಡಿಯ ಘಟ್ಟ ಹತ್ತಿ ಊರು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಹಿಂದಕ್ಕೆ ಪಡೆದ. ಒಂದೇ ತಲೆಮಾರಿನಲ್ಲಿ ಮೂರು ಸಲ ಕೈಬದಲಾದ ಊರು ಮತ್ತೆ ಚೇತರಿಸಿಕೊಳ್ಳಲಿಲ್ಲ. ರಾಜಧಾನಿ ಹೋಯಿತು, ರಾಜಧಾನಿಯ ಬೆನ್ನಿಗೆ ಹೇರೆತ್ತಿನ ಸಾಲು ಹೋಯಿತು, ಅಂಗಡಿಸಾಲು ಕಾಡಾಯಿತು.

ಹೆಸರು ಮಾತ್ರ ಇನ್ನೂ ಕೆಲಕಾಲ ದೊಡ್ಡದಾಗಿ ಬದುಕಿತು. 1830ರಲ್ಲಿ ಕಂದಾಯದ ಬಾಧೆ ತಾಳದೆ ಈ ಕಡೆಯ ರೈತರು ದಂಗೆಯೆದ್ದರು, ಬೂದಿ ಬಸವಪ್ಪನೆಂಬವನು ಕೆಳದಿಯ ವಾರಸುದಾರ ತಾನೆಂದು ಮುಂದೆ ನಿಂತ. ಅದೇ ನಗರದ ದಂಗೆ. ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ಒಡೆಯರ ಮನೆಗೆ ಅದು ಮರಳಿದ್ದು 1881ರಲ್ಲಿ. ಐವತ್ತು ವರ್ಷ ಒಂದು ಸಂಸ್ಥಾನದ ಗತಿಯನ್ನು ತಿರುಗಿಸಿದ ಕೂಗು ಈ ‘ಖಾಲಿ’ ಗುಡ್ಡಗಳಿಂದ ಎದ್ದದ್ದು. ಕಮಿಷನರರ ಆಡಳಿತದಲ್ಲಿ ಶಿವಮೊಗ್ಗ ಸೇರಿದ ದೊಡ್ಡ ವಿಭಾಗಕ್ಕೆ ‘ನಗರ ವಿಭಾಗ’ ಎಂದೇ ಹೆಸರಿತ್ತು. ಆಮೇಲೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು, ಕಲ್ಲೂರುಕಟ್ಟೆ ಹೊಸನಗರವಾಯಿತು. ಹಳೆಯ ನಗರ ಬರಿಯ ನಗರವಾಗಿ ಉಳಿಯಿತು: ಕೆರೆಯ ಮಗ್ಗುಲಿಗೆ ಕೋಟೆ, ಕೋಟೆಯೊಳಗೆ ಅಕ್ಕತಂಗಿಯರ ಕೊಳ, ದರ್ಬಾರು ನಡೆದಲ್ಲಿ ಬರಿಯ ಅಡಿಪಾಯ. ಊರಿಗೆ ಸ್ವಲ್ಪ ಆಚೆ ದೇವಗಂಗೆಯ ಕಲ್ಲುಕೊಳಗಳಿಗೆ ಗುಡ್ಡದ ಒರತೆ ಇವತ್ತಿಗೂ ಬಂದು ತುಂಬುತ್ತದೆ. ಅರಸೊತ್ತಿಗೆ ಹೋಗಿ ಇನ್ನೂರೈವತ್ತು ವರ್ಷ ದಾಟಿದರೂ ಒಂದು ಕೊಳದಿಂದ ಇನ್ನೊಂದಕ್ಕೆ ನೀರು ದಾಟುವ ಕ್ರಮ ತಪ್ಪಿಲ್ಲ. ಗೆಳೆಯರು ಅಲ್ಲಿ ಮಾತಾಡದೆ ಬಹಳ ಹೊತ್ತು ಕೂತಿದ್ದರು.

ಈ ಸೀಮೆಯ ನಕ್ಷೆ ಮತ್ತೊಮ್ಮೆ ಬದಲಾದದ್ದು ನಮ್ಮ ಅಜ್ಜ ಅಜ್ಜಿಯರ ಕಣ್ಣೆದುರು. ಮೊದಲು ಹಿರೇಭಾಸ್ಕರ ಅಣೆಕಟ್ಟು. ಅದರ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ತಿರುಗಿತು, ಅದೇ ಮಹಾತ್ಮಾ ಗಾಂಧಿಯವರ ಹೆಸರಿನ ಆಗಾರ. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ. ಹೊಸ ಕಟ್ಟೆ ಹಳೆಯ ಕಟ್ಟೆಯನ್ನೇ ಮುಳುಗಿಸಿತು. ನೀರು ತೀರ ಇಳಿದ ಬೇಸಗೆಯಲ್ಲಿ ಹಿರೇಭಾಸ್ಕರದ ಗೋಡೆ, ಅದರ ಸೈಫನ್‌ಗಳು ಮೇಲೆ ಬಂದು ನಿಲ್ಲುತ್ತವೆ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಈ ನಾಡಿನ ಊರೂರಿಗೆ ಬೆಳಕಾಯಿತು. ನಾನು ಓದಿದ್ದೂ ಆ ಬೆಳಕಿನಲ್ಲೇ, ಅದರ ಋಣವನ್ನು ಅಲ್ಲಗಳೆಯಲಾರೆ. ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಿನಡಿ ಹೋಯಿತು. ಹೋದದ್ದು ಗುಡ್ಡವಲ್ಲ, ತಗ್ಗು. ತೋಟ, ಗದ್ದೆ, ಮನೆ ಎಲ್ಲ ಇದ್ದದ್ದು ತಗ್ಗಿನಲ್ಲೇ. ಕೊಡ್ಲುಗಳೂ ಬೈಲುಗಳೂ ಮುಳುಗಿ, ಸೊಪ್ಪಿನಬೆಟ್ಟಗಳು ನಡುಗಡ್ಡೆಯಾಗಿ ನಿಂತವು. ತೋಟವೇ ಇಲ್ಲದ ಮೇಲೆ ಒಂಬತ್ತು ಎಕರೆ ಬೆಟ್ಟ ಯಾರಿಗೆ ಸೊಪ್ಪು ಕೊಡಬೇಕು? ಲಾರಿಯಲ್ಲಿ ಬಾಗಿಲು, ಕಂಬ, ಒರಳು, ದನಕರು ಹೇರಿಕೊಂಡು ಹೋದ ಸಂಸಾರಗಳ ಮೊಮ್ಮಕ್ಕಳು ತಾವು ಕೂತ ನೆಲಕ್ಕೆ ಹಕ್ಕುಪತ್ರ ಕೇಳಿ ಇವತ್ತಿಗೂ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾರೆ. ಶರಾವತಿ ಯೋಜನೆಯಲ್ಲೇ ನೌಕರರಾಗಿದ್ದ ನಾ. ಡಿಸೋಜ ಆ ಸಂಕಟವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ಲಿಂಗನಮಕ್ಕಿ ತುಂಬಿತೇ ಎಂದು ಪ್ರತಿ ಆಗಸ್ಟಿನಲ್ಲಿ ಪತ್ರಿಕೆಯಲ್ಲಿ ನೋಡುತ್ತೇವೆ. 1819 ಅಡಿ ಎಂಬ ಸಂಖ್ಯೆ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಆ ಅಂಕಿ ಮುಟ್ಟಿದ ದಿನ ನನ್ನ ಅಜ್ಜಿ ಪತ್ರಿಕೆ ಮಡಿಸಿ ಇಟ್ಟುಬಿಡುತ್ತಿದ್ದಳು. ಅವಳ ತವರು ಆ ಅಂಕಿಯ ಕೆಳಗಿತ್ತು.

ಆಮೇಲೆ ವಾರಾಹಿಗೆ ಮಾಣಿಯಲ್ಲಿ ಕಟ್ಟೆ ಬಂತು. ಅದರ ನೀರು ಹೊಸಂಗಡಿಯ ನೆಲದೊಳಗಿನ ವಿದ್ಯುದಾಗಾರಕ್ಕೆ ಇಳಿದು 460 ಮೆಗಾವಾಟ್ ಕೊಡುತ್ತದೆ. ಚಕ್ರಾ, ಸಾವೇಹಕ್ಲು ಕಟ್ಟೆಗಳ ನೀರನ್ನು ಕಾಲುವೆ ತೋಡಿ ಲಿಂಗನಮಕ್ಕಿಗೆ ತಿರುಗಿಸಿದರು. ಗಂಗೊಳ್ಳಿಯ ಜಾತ್ರೆಗೆ ಹೊರಟಿದ್ದ ತಂಗಿಯ ಕೈ ಹಿಡಿದು ಹೊನ್ನಾವರದ ದಾರಿಗೆ ಹತ್ತಿಸಿದಂತೆ. ಈಗ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಸಿಂಗಳೀಕಗಳಿರುವ ಕಣಿವೆ ಅದು. ಜನ ಬೇಡವೆನ್ನುತ್ತಿದ್ದಾರೆ, ನಾನೂ ಅವರ ಜೊತೆಗಿದ್ದೇನೆ. ಕೊಟ್ಟ ನೆಲದ ಲೆಕ್ಕವೇ ಇನ್ನೂ ತೀರಿಲ್ಲ.

ಹಿನ್ನೀರಿನ ಆಚೆ ಸಿಕ್ಕಿಕೊಂಡದ್ದು ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳು. ತುಮರಿ, ಬ್ಯಾಕೋಡು, ಕಳಸವಳ್ಳಿ, ಚೌಡೇಶ್ವರಿಯ ಸಿಗಂದೂರು. ಅಲ್ಲಿಯವರು ತಮ್ಮ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಹೋಗಲು ಅಂಬಾರಗೊಡ್ಲಿಗೆ ಲಾಂಚಿನಲ್ಲಿ ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ದಿನ ಮುಗಿದಂತೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಬಸುರಿಗೆ ನೋವು ತೊಡಗಿದರೆ, ಇತ್ತ ನಿಟ್ಟೂರು, ನಗರದ ಕಡೆ ಕಾಡುದಾರಿಯಲ್ಲಿ ಸುತ್ತು ಹಾಕಬೇಕಿತ್ತು. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡದ ದೀಪ ಕಾಣುತ್ತದೆ, ಕೂಗಿದರೆ ಮಾತ್ರ ಕೇಳುವುದಿಲ್ಲ. ಹೊಳೆ ಇದ್ದಾಗ ಕೂಗಳತೆಯಲ್ಲಿದ್ದ ನೆಂಟರು ಹಿನ್ನೀರು ಬಂದ ಮೇಲೆ ಕಣ್ಣಳತೆಯಲ್ಲಿ ಮಾತ್ರ ಉಳಿದರು. ಅರುವತ್ತು ವರ್ಷ ಹೀಗೆ ಕಳೆಯಿತು. 2025ರ ಜುಲೈ 14ರಂದು ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಉಕ್ಕಿನ ಹಗ್ಗಗಳಲ್ಲಿ ತೂಗುಬಿಟ್ಟ ಆ ಸೇತುವೆಯನ್ನು ನೋಡಲು ಜನ ದೂರದಿಂದ ಬರುತ್ತಿದ್ದಾರೆ. ನಾನು ಹೋದ ದಿನ ಒಬ್ಬ ಮುದುಕಿ ಸೇತುವೆಯ ನಡುಮಧ್ಯ ಕಟಾಂಜನ ಹಿಡಿದು ಕೆಳಗಿನ ನೀರನ್ನೇ ನೋಡುತ್ತಿದ್ದಳು. ಜೊತೆಗಿದ್ದ ಮೊಮ್ಮಗಳು ಫೋಟೋಕ್ಕೆ ಕರೆದರೂ ತಿರುಗಲಿಲ್ಲ. "ಇಲ್ಲೇ ಎಲ್ಲೋ ನಮ್ಮ ಕಳ" ಎಂದಳು, ಯಾರಿಗೂ ಅಲ್ಲ ಎಂಬ ಹಾಗೆ.

ಅತ್ತೆಯ ಮನೆಗೆ ಈಗ ಜೀಪು ಹೋಗುವ ದಾರಿ ಆಗಿದೆ. ಕಾಲುಸಂಕದ ಜಾಗದಲ್ಲಿ ಸಿಮೆಂಟಿನ ಮೋರಿ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಶಾಲೆಯಲ್ಲಿ ಬೆರಳೆಣಿಕೆಯ ಹುಡುಗರು. ಅಕ್ಕಪಕ್ಕದ ತಗ್ಗಿನ ಎರಡು ಮನೆಗಳ ಬಾಗಿಲು ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲಿಗೆ ತೆರೆಯುತ್ತದೆ. ಮೊಬೈಲು ಇದೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಈ ಹೋಬಳಿಗಳ ಊರೂರಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕುವುದಿಲ್ಲ ಎಂದು ಜನ ಫಲಕ ಕಟ್ಟಿದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು. ಫೋನು ಮಾಡಬೇಕಾದರೆ ಹಿಂದೆ ಅಪ್ಪ ನಿಂತು ಕೂಗುತ್ತಿದ್ದ ಅದೇ ದರೆಯ ಮೇಲೆ ಹತ್ತಬೇಕು. ಸಂಜೆ ಹೊತ್ತು ಅಲ್ಲಿ ನಾಲ್ಕಾರು ಜನ ಬೈಕು ನಿಲ್ಲಿಸಿಕೊಂಡು, ಹೈದರಾಬಾದಿನ ಮಗನ ಹತ್ತಿರ, ಮಂಗಳೂರಿನ ಮಗಳ ಹತ್ತಿರ ಮಾತಾಡುತ್ತಿರುತ್ತಾರೆ. ಮಳೆ ಬಂದರೆ ಕೊಡೆ ಹಿಡಿದು ಮಾತಾಡುತ್ತಾರೆ.

ಹೋದ ಬೇಸಗೆಯಲ್ಲಿ ಗೆಳೆಯರು ತಮ್ಮ ಮನೆಗೆ ಫೋನು ಮಾಡಲು ಅಲ್ಲಿಗೆ ಹತ್ತಿದ್ದರು. ಕತ್ತಲಾಗುತ್ತ ಬಂದರೂ ಇಳಿಯಲಿಲ್ಲ. ಅತ್ತೆಗೆ ಈಗ ಎಂಬತ್ತು ದಾಟಿದೆ. ಅಂಗಳದ ತುದಿಗೆ ಹೋಗಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡದ ಕಡೆ ಮುಖ ಮಾಡಿ ಒಂದು ಕೂಗು ಹಾಕಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೇಲಿನಿಂದ, ರೂಢಿಯಿಲ್ಲದ ಗಂಟಲಿನ ಒಂದು "ಕೂ" ಇಳಿದು ಬಂತು. ಅತ್ತೆ ಒಳಗೆ ಹೋಗಿ ಒಲೆಗೆ ಕಟ್ಟಿಗೆ ಮುಂದೂಡಿದರು.